ನಮ್ಮದಲ್ಲದ ರೇಡಿಯೋ

ಕೆಲಸ ಬಿಟ್ಟ ಮೇಲೂ ಒಂದು ಚಾಳಿ ನನ್ನನ್ನು ಬಿಟ್ಟಿಲ್ಲ. ಯಾರ ಮನೆಗೆ ಹೋದರೂ ಕಣ್ಣು ಮೊದಲು ರೇಡಿಯೋ ಹುಡುಕುತ್ತದೆ. ಫ್ರಿಜ್ ಮೇಲಿದೆಯೋ, ದೇವರ ಗೂಡಿನ ಪಕ್ಕದಲ್ಲಿದೆಯೋ, ಕ್ರೋಶಾ ಹೆಣೆದ ಮುಸುಕು ಹಾಕಿದ್ದಾರೋ, ಬ್ಯಾಟರಿಯ ಮುಚ್ಚಳ ಕಳೆದುಹೋಗಿ ರಬ್ಬರ್ ಬ್ಯಾಂಡ್ ಸುತ್ತಿದ್ದಾರೋ. ರಬ್ಬರ್ ಬ್ಯಾಂಡ್ ಇದ್ದರೆ ಆ ರೇಡಿಯೋ ದಿನಾ ಹಾಡುತ್ತದೆ. ಮುಸುಕು ಇದ್ದರೆ ಅದು ಯಾರದೋ ಮದುವೆಯಲ್ಲಿ ಉಡುಗೊರೆಯಾಗಿ ಬಂದದ್ದು, ಬಾಯಿ ಬಿಡುವುದಿಲ್ಲ.

ಮೊನ್ನೆ ನಮ್ಮ ಬೀದಿಯ ಇಬ್ಬರು ಹೆಣ್ಣುಮಕ್ಕಳು ನಾನು ಮಾಡುತ್ತಿದ್ದ ರೇಡಿಯೋ ಸರ್ವೇ ಕೆಲಸಕ್ಕೇ ಸೇರಿದರು. "ಆಂಟಿ, ಕೆಲಸ ಹೆಂಗಿರುತ್ತೆ?" ಎಂದು ಕೇಳಲು ಬಂದಿದ್ದರು. "ನಡೆಯೋದು ಜಾಸ್ತಿ. ನೀರಿನ ಬಾಟ್ಲು ಮರೀಬೇಡಿ, ನಾಯಿ ಕಂಡ್ರೆ ಓಡಬೇಡಿ" ಎಂದೆ. ಅವರು ಗೇಟು ಮುಚ್ಚಿಕೊಂಡು ಹೋದ ಮೇಲೆ, ಹೇಳಬೇಕಾದದ್ದು ನೀರಿನ ಬಾಟ್ಲು ವಿಷಯವಲ್ಲ ಅನ್ನಿಸಿತು. ಅದಕ್ಕೆ ಇದನ್ನು ಬರೆಯುತ್ತಿದ್ದೇನೆ. ಇಲ್ಲಿ ಬರುವ ರೇಡಿಯೋ ಸ್ಟೇಷನ್‌ಗಳ ಹೆಸರು, ಜನರ ಹೆಸರು ನಾನೇ ಇಟ್ಟದ್ದು.

ನಾನು ಮನೆವಾರ್ತೆ ನೋಡಿಕೊಂಡಿದ್ದವಳು. ಮಗಳು ಹೈಸ್ಕೂಲಿಗೆ ಸೇರಿದ ವರ್ಷ, ರೇಡಿಯೋ ಸ್ಟೇಷನ್‌ಗಳಿಗೆ ಎಷ್ಟು ಜನ ಕೇಳುಗರಿದ್ದಾರೆ ಎಂದು ಎಣಿಸಿಕೊಡುವ ಒಂದು ಕಂಪನಿಯವರಿಗೆ ಕೆಜಿಎಫ್, ಬಂಗಾರಪೇಟೆ ಕಡೆ ಮನೆಮನೆಗೆ ಹೋಗುವ ಹೆಂಗಸರು ಬೇಕಾಗಿದ್ದರು. ಕನ್ನಡ, ತಮಿಳು, ತೆಲುಗು ಮೂರೂ ಬರಬೇಕು, ಅಕ್ಷರ ಚೆನ್ನಾಗಿರಬೇಕು ಎಂದಿದ್ದರು. ಕೆಜಿಎಫ್‌ನ ಉರಿಗಾಂನಲ್ಲಿ ಬೆಳೆದವರಿಗೆ ಮೂರು ಭಾಷೆ ಯಾರೂ ಕಲಿಸಬೇಕಾಗಿಲ್ಲ. ಅಕ್ಷರವನ್ನು ಕಾನ್ವೆಂಟಿನ ಸಿಸ್ಟರ್‌ಗಳು ಬೆರಳ ಗೆಣ್ಣಿಗೆ ಸ್ಕೇಲು ತಾಗಿಸಿ ಕಲಿಸಿದ್ದರು. ನಮ್ಮ ಯಜಮಾನರು "ಹೋಗು, ಹೇಗೂ ಅಕ್ಕಪಕ್ಕದವರ ಮನೇಲಿ ಏನು ನಡೀತದೆ ಅಂತ ನಿನಗೇ ಮೊದಲು ಗೊತ್ತಾಗೋದು. ಅದಕ್ಕೆ ಸಂಬಳ ಬೇರೆ ಕೊಡ್ತಾರಂತಲ್ಲ" ಎಂದು ನಕ್ಕರು.

ತರಬೇತಿ ಕೊಟ್ಟವರು ಮೂರ್ತಿ ಸಾರ್, ಬೆಂಗಳೂರಿನ ಸೂಪರ್‌ವೈಸರ್. ಷರ್ಟಿನ ಜೇಬಿನಲ್ಲಿ ಸದಾ ಮಡಚಿದ ಕರ್ಚೀಫು, ಮಾತಿನಲ್ಲಿ ಒಂದೇ ಪಲ್ಲವಿ. "ಪ್ರಶ್ನೆ ಹೇಗೆ ಅಚ್ಚಾಗಿದೆಯೋ ಹಾಗೇ ಓದಬೇಕು. ಒಂದು ಪದ ಸೇರಿಸಬಾರದು, ಒಂದು ಪದ ಬಿಡಬಾರದು. ಉತ್ತರ ಬಾಯಿಗೆ ಇಡಬಾರದು. ಹುಬ್ಬು ಕೂಡ ಎತ್ತಬಾರದು ಮೇಡಂ. ನೀವು ಹುಬ್ಬು ಎತ್ತಿದ್ರೆ ಅವರು ಉತ್ತರ ಬದಲಾಯಿಸ್ತಾರೆ." ನಾನು ಮನೆಗೆ ಬಂದು ಕನ್ನಡಿಯ ಮುಂದೆ ಹುಬ್ಬು ಅಲುಗದಂತೆ ಪ್ರಶ್ನೆ ಓದುವುದನ್ನು ಅಭ್ಯಾಸ ಮಾಡಿದೆ. ಮಗಳು ನೋಡಿ "ಅಮ್ಮಾ, ಪಾಸ್‌ಪೋರ್ಟ್ ಫೋಟೋ ತೆಗೆಸ್ತಿದ್ದೀಯಾ?" ಎಂದಳು.

ನಾವು ಹೋದ ಮನೆಗಳಿಗೆ ಆಮೇಲೆ ಆಫೀಸಿನಿಂದ ಫೋನು ಹೋಗುತ್ತಿತ್ತು. ಆ ಮೇಡಂ ನಿಜವಾಗಿ ಬಂದಿದ್ದರಾ, ಏನಾದರೂ ಹೇಳಿಕೊಟ್ಟರಾ ಎಂದು ವಿಚಾರಿಸುತ್ತಿದ್ದರು. ನಾನು ಯಾವತ್ತೂ ಹೇಳಿಕೊಟ್ಟವಳಲ್ಲ. ಆದರೂ ಪ್ರತಿ ಮನೆಯ ಹೊಸ್ತಿಲು ದಾಟಿ ಬರುವಾಗ ಒಂದು ಅಳುಕು. ಸ್ಟವ್ ಆರಿಸಿದೆನೋ ಇಲ್ಲವೋ ಎಂದು ಅರ್ಧ ದಾರಿಯಲ್ಲಿ ಅನುಮಾನ ಬರುತ್ತದಲ್ಲ, ಹಾಗೆ. ಆ ಅಳುಕು ಕೆಲಸ ಬಿಡುವವರೆಗೂ ಹೋಗಲಿಲ್ಲ. ಹೊಸದಾಗಿ ಸೇರುವವರು, ಒಂದು ತಿಂಗಳಲ್ಲಿ ಸರಿಹೋಗುತ್ತದೆ ಎಂದುಕೊಳ್ಳಬೇಡಿ.

ಮೊದಲು ಎಲ್ಲ ಕಾಗದದಲ್ಲೇ. ಒಂದು ಗುರುತಿನಿಂದ ಹೊರಟು ಬಲಗೈ ಬದಿಯನ್ನೇ ಹಿಡಿದು ನಡೆಯಬೇಕು, ನಡುವೆ ಇಷ್ಟು ಮನೆ ಬಿಟ್ಟು ಮುಂದಿನ ಮನೆ ತಟ್ಟಬೇಕು. ಈ ನಿಯಮ ಮಾಡಿದವರು ಚಾಂಪಿಯನ್ ರೀಫ್ಸ್‌ನ ಲೈನ್ ಮನೆಗಳನ್ನು ನೋಡಿರಲಿಕ್ಕಿಲ್ಲ. ಗಣಿ ಕಾಲದ ಆ ಮನೆಗಳು ಒಂದರ ಬೆನ್ನಿಗೊಂದು ಅಂಟಿಕೊಂಡು, ಎಲ್ಲ ಒಂದೇ ಅಚ್ಚು. ಬಲಗೈ ಹಿಡಿದು ಹೋದವಳು ಲೈನು ಸುತ್ತಿ ಮತ್ತೆ ಅದೇ ನೀಲಿ ಡ್ರಮ್ಮಿನ ಮುಂದೆ ಬಂದು ನಿಂತೆ. ಮತ್ತೆ ಹೊರಟೆ, ಮತ್ತೆ ಅದೇ ಡ್ರಮ್ಮು. ಬಾಗಿಲಲ್ಲಿ ಅಕ್ಕಿ ಆರಿಸುತ್ತಿದ್ದ ಒಬ್ಬ ಪಾಟಿ, ಎಂದರೆ ತಮಿಳಿನ ಅಜ್ಜಿ, ಮೊರ ಕೆಳಗಿಟ್ಟು, "ಏಮ್ಮಾ, ಓಟು ಕೇಳೋರೇ ಒಂದ್ಸಲ ಬಂದು ಓಗ್ತಾರೆ, ನೀನೇನು ಸುತ್ತಿ ಸುತ್ತಿ ಬತ್ತೀಯಾ? ಪ್ರದಕ್ಷಿಣೆ ಹಾಕೋಕೆ ನಾನೇನು ಅರಳಿಮರಾನಾ? ಬಾ, ಕಾಪಿ ಕುಡಿ" ಎಂದಳು.

ಮನೆಯಲ್ಲಿ ಯಾರನ್ನು ಪ್ರಶ್ನಿಸಬೇಕೆಂಬುದಕ್ಕೂ ನಿಯಮವಿತ್ತು. ಮನೆಯವರಲ್ಲಿ ಎಲ್ಲರಿಗಿಂತ ಮೊದಲು ಯಾರ ಹುಟ್ಟಿದ ಹಬ್ಬ ಬರುತ್ತದೋ ಅವರನ್ನು. ಪಾಟಿಯನ್ನು ಕೇಳಿದೆ. "ಗಣಿ ಒಳಗೆ ಬಂಡೆ ಸಿಡಿದು ನಮ್ಮಪ್ಪ ಮನೆಗೆ ಲೇಟಾಗಿ ಬಂದ್ರಲ್ಲ, ಅವತ್ತು ಉಟ್ಟಿದ್ದು ನಾನು. ಆ ದಿನ ನಿನ್ನ ಕಾಗ್ದದಾಗೆ ಐತಾ?" ಇರಲಿಲ್ಲ. ಅವಳ ಸೊಸೆಯನ್ನೇ ಮಾತಾಡಿಸಿ ಬಂದೆ.

ಇಷ್ಟೆಲ್ಲ ಸುತ್ತಾಟ ಯಾತಕ್ಕೆ ಎಂದು ನನಗೆ ಅರ್ಥವಾಗಲು ಸ್ವಲ್ಪ ಕಾಲ ಹಿಡಿಯಿತು. ನಮ್ಮ ಕಡೆ ಆಗ ಎರಡು ಎಫ್ಎಂ ಸ್ಟೇಷನ್‌ಗಳು. ಒಂದು 'ಜಮಾಯ್ಸು'. ಹೊರಗಿನವರ ದುಡ್ಡು, ಬಂಗಾರಪೇಟೆಯಲ್ಲಿ ಗಾಜಿನ ಬಾಗಿಲ ಆಫೀಸು, ದಿನವಿಡೀ ಸಿನಿಮಾ ಹಾಡು ಮತ್ತು ಬಹುಮಾನ. ಇನ್ನೊಂದು 'ಹೊನ್ನದನಿ'. ಉರಿಗಾಂನಲ್ಲಿ ಒಂದು ಹಳೆಯ ಬಂಗಲೆಯ ಎರಡು ಕೋಣೆ. ಎರಡೂ ಬದುಕುವುದು ಜಾಹೀರಾತಿನಿಂದ. ಜಾಹೀರಾತು ಕೊಡುವ ಬಟ್ಟೆ ಅಂಗಡಿ, ಪಾತ್ರೆ ಅಂಗಡಿ, ನರ್ಸಿಂಗ್ ಕಾಲೇಜಿನವರು ನೋಡುವುದು ನಮ್ಮ ಸರ್ವೇಯ ಸಂಖ್ಯೆ. ಅನ್ನ ಬೆಂದಿದೆಯೋ ಎಂದು ಒಂದು ಅಗುಳು ಹಿಸುಕಿ ನೋಡುವ ಹಾಗೆ, ಒಂದು ಮನೆ ಕೇಳಿ ಇಡೀ ಸೀಮೆ ಹೇಳುವುದು. ಹಿಸುಕುವ ಬೆರಳು ನನ್ನದು. ಇದು ತಿಳಿದ ದಿನದಿಂದ ನನ್ನ ನಿದ್ದೆ ತೆಳುವಾಯಿತು.

ಒಮ್ಮೆ ದೀಪಾವಳಿಗೆ ಮುಂಚೆ ಜಮಾಯ್ಸುವಿನಿಂದ ಜಾಹೀರಾತು ನೋಡಿಕೊಳ್ಳುವ ಹುಡುಗ ಮನೆಗೆ ಬಂದ. ಕೈಯಲ್ಲಿ ಸ್ವೀಟ್ ಬಾಕ್ಸು, ಮೇಲೆ ಜರಿ ರಿಬ್ಬನ್ನು. "ಮೇಡಂ, ಏನೂ ಬೇಡ. ಈ ಸಲ ಸರ್ವೇಗೆ ಯಾವ ಯಾವ ಊರು ಬಿದ್ದಿದೆ, ಅಷ್ಟು ಹೇಳಿ ಸಾಕು. ಆ ಊರಲ್ಲಿ ಒಂದು ರಂಗೋಲಿ ಸ್ಪರ್ಧೆ ಇಟ್ಟು ಕುಕ್ಕರ್ ಕೊಡ್ತೀವಿ. ಜನಕ್ಕೂ ಒಳ್ಳೇದಲ್ವಾ?" ಎಂದ. ಯಜಮಾನರು ಒಳಗಿನಿಂದಲೇ "ನಮ್ಮನೇಲಿ ಎಲ್ಲರಿಗೂ ಶುಗರ್ರಪ್ಪಾ" ಎಂದು ಕೂಗಿದರು. ಹುಡುಗ ಹೋದ. ಆದರೆ ಬಾಕ್ಸನ್ನು ಕಾಂಪೌಂಡಿನ ಮೇಲೆ ಇಟ್ಟೇ ಹೋಗಿದ್ದ. ಅದನ್ನು ಒಳಗೆ ತರಲೂ ಭಯ, ಅಲ್ಲೇ ಬಿಡಲೂ ಭಯ. ಕೊನೆಗೆ ಬಸ್ ಹಿಡಿದು ಬಂಗಾರಪೇಟೆಗೆ ಹೋಗಿ ಆ ಗಾಜಿನ ಬಾಗಿಲ ಆಫೀಸಿನಲ್ಲೇ ಕೊಟ್ಟು ಬಂದೆ. ದಾರಿಯುದ್ದಕ್ಕೂ, ಈ ಬಾಕ್ಸು ಹಿಡಿದಿದ್ದನ್ನು ಯಾರಾದರೂ ನೋಡಿದರೆ ಏನೆಂದುಕೊಳ್ಳುತ್ತಾರೋ ಎಂದು ಸೆರಗು ಮುಚ್ಚಿಕೊಂಡೇ ಕೂತಿದ್ದೆ.

ಹೊನ್ನದನಿಯಲ್ಲಿ ಬೆಳಗಿನ ಜಾವ 'ಮೊದಲ ಗಾಡಿ' ಎಂಬ ಕಾರ್ಯಕ್ರಮ ಬರುತ್ತಿತ್ತು. ನಡೆಸುತ್ತಿದ್ದವಳು ಗೌರಿ, ಗಣಿಯಲ್ಲಿ ದುಡಿದವರ ಮಗಳು. ಮಾರಿಕುಪ್ಪಂ ರೈಲ್ವೆ ಸ್ಟೇಷನ್ನಿನ ಎದುರು ಟೀ ಅಂಗಡಿಯವರು ಬೆಂಗಳೂರಿನ ಮೊದಲ ಗಾಡಿ ಹೊರಟ ಕೂಡಲೇ ಅವಳಿಗೆ ಫೋನು ಮಾಡುತ್ತಿದ್ದರು. ಅವಳು ಅಲ್ಲಿಂದಲೇ ಶುರು. "ಏಳ್ರೀ, ಗಾಡಿ ಮಾರಿಕುಪ್ಪಂ ಬಿಡ್ತು. ಚಾಂಪಿಯನ್‌ನೋರು ಟಿಫನ್ ಡಬ್ಬಿ ಮುಚ್ಚಳ ಗಟ್ಟಿ ಐತಾ ನೋಡ್ಕೊಳಿ, ನಿನ್ನೆ ಯಾರದೋ ಸಾಂಬಾರು ಸೀಟೆಲ್ಲಾ ಬಳಿದು ಓಯ್ತಂತೆ. ಉರಿಗಾಂ ಅಕ್ಕಂದಿರು ಓಡಬೇಡಿ, ನಿಧಾನ, ನಿಮ್ಮನ್ನ ಬಿಟ್ಟು ಎಲ್ಲಿಗೆ ಓಗ್ತೈತೆ ಅದು." ಮಧ್ಯೆ ಒಂದು ತಮಿಳು ಮಾತು, ಒಂದು ತೆಲುಗು ಗಾದೆ, ಹಾಲಿನ ಫ್ಯಾಟು ಯಾಕೆ ಕಡಿಮೆ ಬರುತ್ತದೆ ಎಂದು ಪಶುವೈದ್ಯರ ಜೊತೆ ಎರಡು ಮಾತು, ಬಂಗಾರಪೇಟೆಯ ಶೆಟ್ಟರ ಅಂಗಡಿಯ ಸೀರೆಯ ಬಗ್ಗೆ ಅವಳೇ ಕಟ್ಟಿ ಹಾಡುವ ಜಾಹೀರಾತು. ನಾನು ಅವಳನ್ನು ನೋಡಿರಲಿಲ್ಲ. ಬೆಳಿಗ್ಗೆ ಡಿಕಾಕ್ಷನ್ ಇಳಿಯುವಾಗ ಅವಳ ಧ್ವನಿ ನಮ್ಮ ಅಡುಗೆಮನೆಯಲ್ಲಿ ಇರುತ್ತಿತ್ತು, ಅಷ್ಟೇ.

ಕಾಗದ ಹೋಗಿ ಟ್ಯಾಬ್ ಬಂದಿತ್ತು. ಆ ಸುತ್ತಿನಲ್ಲಿ ಬಂಗಾರಪೇಟೆ ಪಕ್ಕದ ಒಂದು ಹಳ್ಳಿ ಬಿತ್ತು. ಅಲ್ಲಿ ಬಹುಪಾಲು ಮನೆಗಳಲ್ಲಿ ಸೀಮೆಹಸು. ಬೆಳಿಗ್ಗೆ ಊರೆಲ್ಲ ಡೈರಿಯ ಮುಂದೆ ಕ್ಯಾನು ಹಿಡಿದು ಸಾಲು ನಿಲ್ಲುತ್ತದೆ. ಮೊದಲ ಮನೆ ಮುನಿರತ್ನಮ್ಮನದು. ಕೆಚ್ಚಲು ತೊಳೆದ ಒದ್ದೆ ಕೈಯನ್ನು ಸೆರಗಿಗೆ ಒರೆಸಿಕೊಳ್ಳುತ್ತಾ ಬಂದು ಕೂತಳು. ನಾನು ಹುಬ್ಬು ಅಲುಗಿಸದೆ ಓದಿದೆ. "ನಿನ್ನೆ ನೀವು ರೇಡಿಯೋ ಕೇಳಿದಿರಾ?"

"ಇಲ್ಲ ಕಣಮ್ಮ. ನಮ್ಮನೆಯಾಗೆ ರೇಡಿಯೋ ಎಲ್ಲೈತೆ?"

'ಇಲ್ಲ' ಎಂದು ಒತ್ತಿದರೆ ಟ್ಯಾಬ್ ಮುಂದಿನ ಪ್ರಶ್ನೆಗಳನ್ನೆಲ್ಲ ಹಾರಿಸಿ ನೇರ ಧನ್ಯವಾದಕ್ಕೆ ಹೋಗುತ್ತದೆ. ಒತ್ತಿದೆ. ಅವಳು ನೀರು ತರಲು ಒಳಗೆ ಹೋದಳು. ಒಳಗಿನಿಂದ ಗುನುಗು ಕೇಳಿಸಿತು. ಶೆಟ್ಟರ ಅಂಗಡಿಯ ಸೀರೆಯ ಹಾಡು, ಗೌರಿಯ ಧಾಟಿಯಲ್ಲೇ, ಕೊನೆಯ ಎಳೆತದ ಸಮೇತ. ಚೊಂಬು ಕೊಡುತ್ತಾ "ನಿನ್ನೆ ಆ ಡಾಕ್ಟ್ರು ಏಳಿದ್ರು, ಮೇವಿಗೆ ಒಂದಿಡಿ ಉಪ್ಪು ಹಾಕ್ಬೇಕಂತೆ" ಎಂದಳು.

ಯಾವ ಡಾಕ್ಟರು ಎಂದು ನಾನು ಕೇಳಬಾರದು. ನನಗೆ ಗೊತ್ತಿತ್ತು ಯಾವ ಡಾಕ್ಟರೆಂದು. ನಾನೂ ನಿನ್ನೆ ಕೇಳಿದ್ದೆ.

ಪಕ್ಕದ ಮನೆ, ಅದರಾಚೆಯ ಮನೆ, ಎಲ್ಲ ಕಡೆ ಇದೇ. "ನಾವೆಲ್ಲಿ ಕೇಳ್ತೀವಿ ತಾಯಿ, ಕೆಲಸಕ್ಕೇ ಒತ್ತು ಸಾಲ್ದು." ಅದೇ ಬಾಯಲ್ಲಿ ಸಾಂಬಾರು ಚೆಲ್ಲಿದ ಕಥೆ ಹೇಳಿ ನಗುವುದು. ಕೊನೆಗೆ ಡೈರಿಯ ಮುಂದೆ ಬಂದಾಗ ಗುಟ್ಟು ತಿಳಿಯಿತು. ಡೈರಿ ಸೆಕ್ರೆಟರಿ ನಾರಾಯಣಪ್ಪನ ರೇಡಿಯೋ ಕಿಟಕಿಯಲ್ಲಿ ಕೂತಿತ್ತು, ರಬ್ಬರ್ ಬ್ಯಾಂಡ್ ಸುತ್ತಿಕೊಂಡು. ಹಾಲು ಅಳೆಯುವಷ್ಟು ಹೊತ್ತು ಊರೆಲ್ಲ ಅದನ್ನೇ ಕೇಳುವುದು. ಆದರೆ ಅದು ನಾರಾಯಣಪ್ಪನ ರೇಡಿಯೋ. ಹಾಕಿದವನು ಅವನು, ಸೆಲ್ಲು ತಂದವನು ಅವನು. ಅದನ್ನು 'ನಾನು ಕೇಳಿದೆ' ಎನ್ನುವುದು, ಇನ್ನೊಬ್ಬರ ಹೊಲದ ರಾಗಿ ತೋರಿಸಿ ನಾನು ಬೆಳೆದೆ ಎಂದ ಹಾಗೆ. ಕಿವಿಗೆ ಬಿತ್ತು, ಅಷ್ಟೇ. ನಾರಾಯಣಪ್ಪನನ್ನು ಕೇಳಿದ್ದರೆ 'ಹೌದು' ಎನ್ನುತ್ತಿದ್ದನೇನೋ. ಅವನ ಮನೆ ಆ ಸಲದ ಲೆಕ್ಕದಲ್ಲಿ ಬೀಳಲಿಲ್ಲ.

ಆಮೇಲೆ ಆಫೀಸಿನ ಮೀಟಿಂಗಿಗೆ ಬೆಂಗಳೂರಿಗೆ ಹೊರಟವಳು ಮಾರಿಕುಪ್ಪಂನಿಂದ ಬರುವ ಅದೇ ಮೊದಲ ಗಾಡಿಯನ್ನು ಉರಿಗಾಂನಲ್ಲಿ ಹತ್ತಿದೆ. ಕಟ್ಟಡ ಕೆಲಸದವರು, ಗಾರ್ಮೆಂಟ್ಸ್ ಹೆಣ್ಣುಮಕ್ಕಳು, ಹೌಸ್‌ಕೀಪಿಂಗ್‌ನವರು. ಬಾಗಿಲ ಬಳಿ ಒಬ್ಬ ಮೊಬೈಲಿನಲ್ಲಿ 'ಮೊದಲ ಗಾಡಿ' ಜೋರಾಗಿ ಹಾಕಿದ್ದ. ಗೌರಿ ಟಿಫನ್ ಡಬ್ಬಿ ಎಂದ ಕೂಡಲೇ ಹೆಂಗಸರೆಲ್ಲ ಚೀಲದೊಳಗೆ ಕೈ ಹಾಕಿ ಮುಚ್ಚಳ ಒತ್ತಿದರು. ಪಕ್ಕದಲ್ಲಿದ್ದವಳನ್ನು ಸುಮ್ಮನೆ ಕೇಳಿದೆ, "ದಿನಾ ರೇಡಿಯೋ ಕೇಳ್ತೀರಾ?" "ಅಯ್ಯೋ ಇಲ್ಲಕ್ಕ. ಅದು ಆವಣ್ಣಂದು" ಎಂದಳು, ಒಂದು ಕೈ ಇನ್ನೂ ಡಬ್ಬಿಯ ಮೇಲೆ.

ಮೀಟಿಂಗಿನಲ್ಲಿ ಮೂರ್ತಿ ಸಾರ್‌ಗೆ ಎಲ್ಲ ಹೇಳಿದೆ. ಅವರು ಕರ್ಚೀಫು ತೆಗೆದು ಕನ್ನಡಕ ಒರೆಸಿಕೊಂಡರು. "ಮೇಡಂ, ನೀವು ಹೇಳೋದು ಸರಿ ಇರಬಹುದು. ಆದ್ರೆ ತೂಕ ನಡೀತಿರುವಾಗ ತಕ್ಕಡಿ ಬದಲಾಯಿಸೋಕಾಗಲ್ಲ. ಜಮಾಯ್ಸುನೋರು ಬಿಡ್ತಾರಾ? ಹೋದ ಸಲ ಒಂದು ಪ್ರಶ್ನೆ, ಈ ಸಲ ಒಂದು ಪ್ರಶ್ನೆ ಅಂತ ಕೋರ್ಟಿಗೆ ಹೋಗ್ತಾರೆ."

"ಸಾರ್, ಹಾಗಾದ್ರೆ ನಾನು 'ಯಾರ ರೇಡಿಯೋ ಆದ್ರೂ ಪರವಾಗಿಲ್ಲ' ಅಂತ ಒಂದು ಮಾತು ಸೇರಿಸಲಾ?"

"ಸೇರಿಸಿದ ದಿನ ನಿಮ್ಮ ಅಷ್ಟೂ ಮನೆ ರದ್ದಾಗುತ್ತೆ. ನಿಮ್ಮ ಒಳ್ಳೇತನ ನಂಗೆ ಗೊತ್ತು. ಅದನ್ನ ಟ್ಯಾಬ್‌ನಲ್ಲಿ ಎಲ್ಲಿ ಬರೀಲಿ?"

ಅವರು ಕೆಟ್ಟವರಲ್ಲ. ಮುಂದಿನ ವಾರ ತಾವೇ ಬಂದರು. ನನ್ನ ಜೊತೆ ಡೈರಿಯ ಸಾಲಿನ ಪಕ್ಕ ನಿಂತು, ಒಬ್ಬ ಅಜ್ಜನಿಗೆ ಅಚ್ಚಾದ ಪ್ರಶ್ನೆಯನ್ನು ಅಚ್ಚಿನ ಹಾಗೇ ಓದಿದರು. ತಲೆಯ ಮೇಲೆ ಕಿಟಕಿಯ ರೇಡಿಯೋದಲ್ಲಿ ಗೌರಿ ಮಾತಾಡುತ್ತಿದ್ದಳು. ಅಜ್ಜ ಕೈ ಎತ್ತಿ "ಸ್ವಲ್ಪ ತಡೀ ಸಾಮಿ, ಈವಮ್ಮ ಏನೋ ಏಳ್ತಾವ್ಳೆ" ಎಂದು ಪೂರ್ತಿ ಕೇಳಿಸಿಕೊಂಡು, ಆಮೇಲೆ ಇವರ ಕಡೆ ತಿರುಗಿ "ರೇಡಿಯೋನಾ? ಇಲ್ಲ, ನಾವು ಕೇಳಲ್ಲ" ಎಂದ. ಮೂರ್ತಿ ಸಾರ್ ನಕ್ಕುಬಿಟ್ಟರು. ಕಾರಿನ ಬಾಗಿಲು ಹಾಕಿಕೊಳ್ಳುವಾಗ "ಮೇಲಿನವರಿಗೆ ಬರೀತೀನಿ ಮೇಡಂ. ಮುಂದಿನ ಸುತ್ತಿಗೆ ಆಗಬಹುದು. ಈ ಸುತ್ತಿಗೆ ಹೀಗೇ" ಎಂದರು.

ಈ ಸುತ್ತಿಗೆ ಹೀಗೇ. ಆ ಮಾತು ಸೊಳ್ಳೆಯ ಹಾಗೆ ಕಿವಿಯ ಬಳಿ ಸುತ್ತಿತು. ಯಾಕೆಂದರೆ ಅಷ್ಟು ಹೊತ್ತಿಗೆ ಶೆಟ್ಟರ ಅಂಗಡಿಯಲ್ಲಿ ನಾನು ಇನ್ನೊಂದು ಮಾತು ಕೇಳಿದ್ದೆ. ರವಿಕೆ ಬಟ್ಟೆಗೆ ಹೋಗಿದ್ದೆ. ಗಾಜಿನ ಕೌಂಟರಿನ ಮೇಲೆ ಜಮಾಯ್ಸುವಿನ ಬಣ್ಣದ ಚಾರ್ಟು. ಶೆಟ್ಟರು ಇನ್ನೊಬ್ಬ ಗಿರಾಕಿಗೆ ಹೇಳುತ್ತಿದ್ದರು: "ಹೆಂಗಸರು ಬಂದು ಗೌರಿ ಹಾಡಿದ ಸೀರೆ ತೋರ್ಸಿ ಅಂತಾರಪ್ಪ. ಆದ್ರೆ ನಮ್ಮ ಮಗ ಚಾರ್ಟು ತೋರಿಸಿ, ಬೆಳಿಗ್ಗೆ ಹೊತ್ತು ಹೊನ್ನದನಿ ಕೇಳೋರೇ ಇಲ್ಲ ಅಂತಾನೆ. ನಾನು ಕಣ್ಣಾರೆ ನೋಡಿದ್ದು ನಂಬಲಾ, ಕಾಗದ ನಂಬಲಾ? ಈ ಸಲದ ಸರ್ವೇನಲ್ಲೂ ಹಂಗೇ ಬಂದ್ರೆ ಜಾಹೀರಾತು ಆ ಕಡೆಗೇ ಅಂತ ಹಠ ಹಿಡಿದವನೆ. ನಾವು ಬಿಟ್ರೆ ಆ ಹುಡುಗಿ ಕಾರ್ಯಕ್ರಮ ನಿಂತೇ ಹೋಗ್ತದಂತೆ, ಅದೊಂದು ಸಂಕಟ." ನಾನು ಹಸಿರು ಬಟ್ಟೆ ಕೇಳಿದವಳು ಅವರು ಕೊಟ್ಟ ನೀಲಿಯನ್ನೇ ತೆಗೆದುಕೊಂಡು ಬಂದೆ.

ಉಳಿದ ಮನೆಗಳಿಗೆ ಹೋಗುವಾಗ ಕಾಲು ಎಳೆಯುತ್ತಿತ್ತು. ದಿನಾ ದೇವರ ಮುಂದೆ, ಇವತ್ತು ರೇಡಿಯೋ ಇರುವ ಮನೆಯೇ ಸಿಗಲಿ ಎಂದು ಬೇಡಿಕೊಳ್ಳುತ್ತಿದ್ದೆ. ಯಾರ ಪರವಾಗಿಯೂ ಬೇಡಬಾರದು ಎಂದು ಕೂಡಲೇ ಹೊಳೆದು ಅದನ್ನೂ ವಾಪಸ್ ತೆಗೆದುಕೊಳ್ಳುತ್ತಿದ್ದೆ.

ಆ ದಿನಗಳಲ್ಲೇ ಉರಿಗಾಂ ಪ್ಲಾಟ್‌ಫಾರಂನಲ್ಲಿ ಒಬ್ಬಳು ಹುಡುಗಿ ಬಂದು ನನ್ನ ಬೆಂಚಿನ ತುದಿಯಲ್ಲಿ ಕೂತಳು. ಕೂದಲಿಗೆ ಎಣ್ಣೆ, ಕೈಯಲ್ಲಿ ಎರಡೇ ಗಾಜಿನ ಬಳೆ, ಚಪ್ಪಲಿಯ ಪಟ್ಟಿ ಪಿನ್ನಿನಲ್ಲಿ ಸಿಕ್ಕಿಸಿದ್ದು. ಅವಳು ಬಾಯಿ ತೆರೆದ ಕೂಡಲೇ ನನಗೆ ನಮ್ಮ ಅಡುಗೆಮನೆಯ ಡಿಕಾಕ್ಷನ್ ವಾಸನೆ ಬಂತು.

"ಮೇಡಂ, ನೀವು ಸರ್ವೇ ಮೇಡಂ ಅಲ್ವಾ? ಭಯ ಪಡಬೇಡಿ, ನಾನು ಯಾವ ಊರು ಅಂತ ಕೇಳಲ್ಲ. ನಂಬರ್ ಎಷ್ಟು ಅಂತಾನೂ ಕೇಳಲ್ಲ." ಅವಳು ಬಳೆಯನ್ನು ಹಿಂದೆ ಮುಂದೆ ಸರಿಸಿದಳು. "ಕಿಟಕಿ ಇಲ್ಲದ ರೂಮಲ್ಲಿ ಕೂತು ಮಾತಾಡ್ತೀನಿ ಮೇಡಂ. ಎದುರಿಗೆ ಗೋಡೆ. ಒಂದೇ ಮಾತು ಹೇಳಿ. ಯಾರಾದ್ರೂ ಕೇಳ್ತಾರಾ?"

ಕೇಳುತ್ತಾರೆ ಎಂದರೆ ಅದು ಸರ್ವೇಯ ಸುದ್ದಿ ಹೊರಗೆ ಹೋದಂತೆ. ಇಲ್ಲ ಎಂದರೆ ಸುಳ್ಳು. ನನ್ನ ಟ್ಯಾಬ್ ಹೇಳುವುದು ಒಂದು, ನನ್ನ ಕಣ್ಣು ಕಂಡದ್ದು ಇನ್ನೊಂದು. ನಾನು ಅವಳ ಚಪ್ಪಲಿಯ ಕಡೆ ನೋಡಿ, "ಪಿನ್ನು ಚುಚ್ಚುತ್ತೆ ಕಣಮ್ಮ, ಹೊಲಿಸಿಬಿಡು" ಎಂದೆ. ಅವಳು ಒಂದು ಗಳಿಗೆ ನನ್ನ ಮುಖ ನೋಡಿ, "ಸರಿ ಮೇಡಂ, ಒಲಿಸ್ಕೊತೀನಿ" ಎಂದು ನಕ್ಕಳು. ರೇಡಿಯೋದಲ್ಲಿ ನಗುವ ಅದೇ ನಗು. ನನ್ನ ಗಾಡಿ ಬಂತು, ಹತ್ತಿದೆ. ಕೂತ ಮೇಲೆ ಚೀಲದೊಳಗೆ ಕೈ ಹಾಕಿ ಡಬ್ಬಿಯ ಮುಚ್ಚಳ ಒತ್ತಿಕೊಂಡೆ. ಅವಳು ಪ್ಲಾಟ್‌ಫಾರಂನಲ್ಲೇ ಇದ್ದಳು. ಕಿಟಕಿಯಿಂದ ಅದನ್ನಾದರೂ ತೋರಿಸಬಹುದಿತ್ತೇನೋ. ತೋರಿಸಿದ್ದರೆ ಅದೂ ಹುಬ್ಬು ಎತ್ತಿದ ಹಾಗೆಯೇ.

ಸಂಖ್ಯೆ ಬಂತು. ಬೆಳಗಿನ ಹೊತ್ತಿನಲ್ಲಿ ಹೊನ್ನದನಿ ತಳದಲ್ಲಿತ್ತು. ಶೆಟ್ಟರ ಜಾಹೀರಾತು ಜಮಾಯ್ಸುವಿನಲ್ಲಿ ಗಂಡಸಿನ ಧ್ವನಿಯಲ್ಲಿ ಬರತೊಡಗಿತು. 'ಮೊದಲ ಗಾಡಿ'ಯ ಕೊನೆಯ ದಿನ ನಾನು ಡಿಕಾಕ್ಷನ್ ಸೋಸುತ್ತಿದ್ದೆ. ಗೌರಿ ದಿನದ ಹಾಗೇ ಗಾಡಿಯನ್ನು ಮಾರಿಕುಪ್ಪಂನಿಂದ ಹೊರಡಿಸಿ, ಡಬ್ಬಿ, ಫ್ಯಾಟು ಎಲ್ಲ ಹೇಳಿ, ಕೊನೆಗೆ "ಸರ್ವೇನಲ್ಲಿ ಈ ಕಾರ್ಯಕ್ರಮ ಯಾರೂ ಕೇಳಲ್ಲ ಅಂತ ಬಂದೈತೆ. ಹಂಗಾಗಿ ನಾಳೆಯಿಂದ ನಾನು ಬರಲ್ಲ. ಇಷ್ಟು ದಿನ ಗೋಡೆ ಜೊತೆ ಮಾತಾಡಿದೆ ಅಂದ್ಕೊತೀನಿ. ಗೋಡೆ ಒಳ್ಳೇದು, ತಿರುಗಿ ಬೈಯಲಿಲ್ಲ. ಉರಿಗಾಂ ಅಕ್ಕಂದಿರೇ, ನಿಧಾನ" ಎಂದಳು. ಯಜಮಾನರು ಪೇಪರು ಮಡಚಿ, ನನ್ನ ಕೈಯಿಂದ ಸೋಸುವ ಬಟ್ಟೆ ತೆಗೆದುಕೊಂಡರು. ಲೋಟ ತುಂಬಿ ಹೊರಗೆ ಚೆಲ್ಲುತ್ತಿತ್ತು.

ಮೂರ್ತಿ ಸಾರ್ ಬರೆದದ್ದು ವ್ಯರ್ಥವಾಗಲಿಲ್ಲ. ಮುಂದಿನ ಸುತ್ತಿಗೆ ಪ್ರಶ್ನೆ ಬದಲಾಯಿತು. "ನಿನ್ನೆ ಮನೆಯಲ್ಲಾಗಲಿ, ಹೊರಗಾಗಲಿ, ಯಾರ ರೇಡಿಯೋ ಅಥವಾ ಮೊಬೈಲಿನಿಂದಾಗಲಿ, ರೇಡಿಯೋ ಕಾರ್ಯಕ್ರಮ ನಿಮ್ಮ ಕಿವಿಗೆ ಬಿದ್ದಿತ್ತೇ?" ಉದ್ದವಾಯಿತು, ಆದರೆ ಒಳ್ಳೆಯ ಪ್ರಶ್ನೆ. ಈಗ ಸೇರುವವರು ಓದುತ್ತಿರುವುದು ಇದನ್ನೇ. ಇದು ಎಲ್ಲಿಂದ ಬಂತು ಎಂದು ಅವರಿಗೆ ಯಾರೂ ಹೇಳುವುದಿಲ್ಲ.

ಊರುಗಳನ್ನು ಚೀಟಿ ಎತ್ತಿದ ಹಾಗೆ ಕಂಪ್ಯೂಟರ್ ಆರಿಸುತ್ತದೆ. ಅದೇ ಹಳ್ಳಿ ಮತ್ತೆ ಬಿತ್ತು. ಬೇರೆಯವರನ್ನು ಕಳಿಸಿ ಎಂದು ಕೇಳೋಣವೆಂದುಕೊಂಡೆ, ಕಾರಣ ಹೇಳಲು ತೋಚಲಿಲ್ಲ. ಬಸ್ ಹಿಡಿದು ಹೋಗಿ ಇಳಿದೆ. ಜನ ಬೈದರೆ ಬೈಯಲಿ, ಸುಮ್ಮನಿದ್ದರೆ ಏನು ಮಾಡಲಿ ಎಂಬುದು ನನ್ನ ಭಯ. ಊರು ಸುಮ್ಮನಿರಲಿಲ್ಲ. ನಾನು ಬಾಗಿಲು ತಟ್ಟುವ ಮೊದಲೇ ಸುದ್ದಿ ಮುಂದೆ ಹೋಗಿತ್ತು. "ಬರ್ಕೋ ಬರ್ಕೋ, ಕೇಳ್ತೀವಿ. ದಿನಾ ಕೇಳ್ತೀವಿ. ಗೌರಮ್ಮಂದೇ."

ಮುನಿರತ್ನಮ್ಮ ಈ ಸಲ ಚಾಪೆ ಹಾಸಿ ಕಾಯುತ್ತಿದ್ದಳು. ನಾನು ಉದ್ದನೆಯ ಪ್ರಶ್ನೆಯನ್ನು ಓದಿ ಮುಗಿಸುವ ಮೊದಲೇ "ಊಂ. ಕೇಳ್ದೆ. ಬೆಳಿಗ್ಗೆ ಗೌರಿದು" ಎಂದಳು.

"ಅಮ್ಮಾ, ಆ ಕಾರ್ಯಕ್ರಮ ನಿಂತು ತುಂಬಾ ದಿನ ಆಯ್ತಲ್ಲ."

"ಗೊತ್ತು. ಆವತ್ತು ನಿನ್ನ ಮುಂದೆ ಕೂತ್ಕೊಂಡು ಇಲ್ಲ ಅಂದಿದ್ದು ನಾನೇ ಅಲ್ವಾ? ನಮ್ದಲ್ಲದ್ದು ನಮ್ದು ಅನ್ಬಾರ್ದು ಅಂತ ಅಂದೆ. ಅದು ಆ ಉಡುಗಿ ಅನ್ನಕ್ಕೆ ಕುತ್ತು ತತ್ತದೆ ಅಂತ ಯಾರಿಗೆ ಗೊತ್ತಿತ್ತು? ಆವತ್ತಿನದು ಇವತ್ತು ಬರ್ಕೋ."

ನಾನು ಟ್ಯಾಬ್ ಕೆಳಗಿಟ್ಟೆ. ಸಂದರ್ಶನದ ನಡುವೆ ಟ್ಯಾಬ್ ಕೆಳಗಿಟ್ಟದ್ದು ಅದೊಂದೇ ಸಲ. "ಅಮ್ಮಾ, ಇದರಲ್ಲಿ ಗೌರಿ ಹೆಸರಿಲ್ಲ. ಹೊನ್ನದನಿ ಅಂತ ಮಾತ್ರ ಇದೆ. ಈಗ ಆ ಹೊತ್ತಿಗೆ ಅವರು ಕಂಪ್ಯೂಟರಿನಿಂದ ಬರೀ ಹಾಡು ಬಿಡ್ತಾರೆ. ನೀವು ಹೌದು ಅಂದ್ರೆ ಆ ಲೆಕ್ಕ ಆ ಹಾಡಿಗೆ ಹೋಗುತ್ತೆ. ಗೌರಿ ಇಲ್ಲದೇನೇ ಜನ ಜಾಸ್ತಿ ಕೇಳ್ತಾರೆ ಅಂತ ಆಗುತ್ತೆ."

ಅವಳು ಚಾಪೆಯ ಅಂಚಿನ ಒಂದು ಎಳೆ ಕಿತ್ತಳು. ಕೊಟ್ಟಿಗೆಯಲ್ಲಿ ಹಸು ಕೊರಳು ಅಲ್ಲಾಡಿಸಿದ ಸದ್ದು ಬಂತು. "ಈಗ ಅವಳು ಎಲ್ಲವಳೆ?" ಎಂದಳು. ಬೆಂಗಳೂರಿನ ಗಾರ್ಮೆಂಟ್ಸಿಗೆ ಅದೇ ಮೊದಲ ಗಾಡಿಯಲ್ಲಿ ಹೋಗುತ್ತಾಳಂತೆ ಎಂದೆ. ಪ್ಲಾಟ್‌ಫಾರಂನಲ್ಲಿ ದೂರದಿಂದ ಕಂಡಿದ್ದೆ, ಚಪ್ಪಲಿ ಹೊಸದಿತ್ತು ಎಂಬುದನ್ನೂ ಹೇಳಿದೆ. ಅದು ಯಾಕೆ ಹೇಳಿದೆನೋ.

"ನಮ್ಮ ನಾರಾಯಣಪ್ಪನೂ ರೇಡಿಯೋ ಆಕೋದು ಬಿಟ್ಟವನೆ" ಎಂದಳು ಮುನಿರತ್ನಮ್ಮ. ಬರುವಾಗ ನಾನೂ ನೋಡಿದ್ದೆ. ಡೈರಿಯ ಕಿಟಕಿಯಲ್ಲಿ ಅದಕ್ಕೆ ಯಾರೋ ಹಳೆಯ ಟವೆಲ್ಲು ಹೊದಿಸಿದ್ದರು.

ಅವಳು ಎದ್ದು ನಿಂತು ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡಳು. "ಅಂಗಾದ್ರೆ ಇಲ್ಲ ಅಂತಾನೇ ಬರ್ಕೋ ತಾಯಿ. ಈ ಸಲ ನಿಜವಾಗ್ಲೂ ಕೇಳಿಲ್ಲ."

ಒತ್ತಿದೆ. ಟ್ಯಾಬ್ ಎಲ್ಲ ಪ್ರಶ್ನೆಗಳನ್ನೂ ಹಾರಿಸಿ ಧನ್ಯವಾದಕ್ಕೆ ಹೋಯಿತು. ನಾನು ಅದನ್ನು ಅಚ್ಚಾಗಿದ್ದ ಹಾಗೇ ಓದಿ ಹೇಳಿದೆ.